ಕರನಾಭೀಕರಣ ಮೀಮಾಂಸೆ: ಪುಣೆಯ ಪೇಟೆಗಳನ್ನು ಅನುಲಕ್ಷಿಸಿ ಒಂದು ತಾತ್ತ್ವಿಕ ಅನುಸಂಧಾನ

ಪ್ರಾಸ್ತಾವಿಕ

ಯಾವುದೇ ಸಂಶೋಧನೆಗೆ ಮೊದಲು ಒಂದು ಪರಿಪ್ರೇಕ್ಷ್ಯ ಬೇಕು. ಪ್ರಸ್ತುತ ಸಂಶೋಧಕರಿಗೆ ಅದು ಪುಣೆಯ ಒಂದು ಕ್ಯಾಮೆರಾ ಅಂಗಡಿಯ ಮುಚ್ಚಿದ ಶಟರಿನ ಎದುರು, ಮಧ್ಯಾಹ್ನ ಒಂದೂಕಾಲಕ್ಕೆ ಲಭಿಸಿತು. ಪುಣೆಯ ಹಳೆ ಪೇಟೆಗಳ ವರ್ತಕರು ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿ ಊಟ-ನಿದ್ದೆ ಮುಗಿಸುವುದು ಲೋಕಪ್ರಸಿದ್ಧ. ಆ ಮೂರು ಗಂಟೆಗಳ ಕಡ್ಡಾಯ ಧ್ಯಾನದ ಫಲವೇ ಈ ಪ್ರಬಂಧ. ಸಂಶೋಧನೆಯ ಪ್ರಶ್ನೆ ಇಷ್ಟೇ: ಕೈಯಿಂದ, ನಿಜವಾಗಿಯೂ ಕೈಯಿಂದ, ಫೋಕಸ್ ಮಾಡುವ ಡಿಜಿಟಲ್ ಕ್ಯಾಮೆರಾ ಸಂಬಳದ ಮೇಲೆ ಬದುಕುವವನಿಗೆ ಎಟಕುವ ಬೆಲೆಗೆ ಸಿಕ್ಕೀತೆ?

‘ಫೋಕಸ್’ ಎಂಬ ಪದಕ್ಕೆ ಪಾಂಡಿತ್ಯದ ತೂಕ ಸಾಲದು. ಆದ್ದರಿಂದ ಇಲ್ಲಿ ಅದನ್ನು ‘ನಾಭೀಕರಣ’ ಎಂದೂ, ಕೈಯಿಂದ ಮಾಡುವುದನ್ನು ‘ಕರನಾಭೀಕರಣ’ ಎಂದೂ, ಯಂತ್ರವೇ ಮಾಡುವುದನ್ನು ‘ಸ್ವಯಂನಾಭೀಕರಣ’ ಎಂದೂ, ಯಂತ್ರ ಮಾಡಿ ಕೈ ಮಾಡಿತೆಂದು ನಂಬಿಸುವುದನ್ನು ‘ಮಿಥ್ಯಾಕರನಾಭೀಕರಣ’ ಎಂದೂ ಕರೆಯಲಾಗಿದೆ. ಉಸಿರು ಕಟ್ಟಿದವರು ಫೋಕಸ್ ಎಂದೇ ಓದಿಕೊಳ್ಳಬಹುದು. ವಿಚಾರಸಂಕಿರಣಗಳಲ್ಲಿ ಆ ಸೌಲಭ್ಯ ಇರುವುದಿಲ್ಲ.

ಲಕ್ಷಣ ವಿಚಾರ

ನ್ಯಾಯಶಾಸ್ತ್ರದ ಪ್ರಕಾರ ಲಕ್ಷಣಕ್ಕೆ ಮೂರು ದೋಷಗಳು. ಕೊಂಬಿರುವುದೇ ಹಸು ಎಂದರೆ ಎಮ್ಮೆಯೂ ಒಳಗೆ ನುಗ್ಗುತ್ತದೆ, ಅದು ಅತಿವ್ಯಾಪ್ತಿ. ಕಂದು ಬಣ್ಣದ್ದೇ ಹಸು ಎಂದರೆ ಬಿಳಿ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸಿನದೇ ಹಸು ಎಂದರೆ ಅಂಥ ಹಸುವೇ ಭೂಮಿಯ ಮೇಲಿಲ್ಲ, ಅದು ಅಸಂಭವ.

ಈಗ ಕ್ಯಾಮೆರಾಕ್ಕೆ ಬರೋಣ. ‘ಲೆನ್ಸಿನ ಮೇಲೆ ತಿರುಗುವ ರಿಂಗ್ ಇದ್ದರೆ ಕರನಾಭೀಕರಣ’ ಎಂಬುದು ಅಂಗಡಿಯವರ ಲಕ್ಷಣ. ಇಂದಿನ ಬಹುಪಾಲು ಮಿರರ್‌ಲೆಸ್ ಲೆನ್ಸುಗಳಲ್ಲಿ ರಿಂಗ್ ಇದೆ, ಅದಕ್ಕೂ ಗಾಜಿಗೂ ಮಾತುಕತೆ ಇಲ್ಲ. ಅಲ್ಲಿಗೆ ಅತಿವ್ಯಾಪ್ತಿ. ‘ಆಟೋಫೋಕಸ್ ಇಲ್ಲದಿದ್ದರೆ ಮಾತ್ರ ಕರನಾಭೀಕರಣ’ ಎಂಬುದು ಹಟವಾದಿಗಳ ಲಕ್ಷಣ. ನಿಕಾನಿನ 50 ಎಂಎಂ ಎಫ್ 1.8 ಡಿ ಲೆನ್ಸಿಗೆ ಆಟೋಫೋಕಸ್ ಇದೆ, ಆದರೂ ಅದರ ರಿಂಗ್ ನೇರವಾಗಿ ಗಾಜನ್ನೇ ಸರಿಸುತ್ತದೆ. ಇದು ಅವ್ಯಾಪ್ತಿ. ‘ಮೆನುವಿನಲ್ಲಿ ಎಂಎಫ್ ಎಂಬ ಎರಡು ಅಕ್ಷರ ಇದ್ದರೆ ಸಾಕು’ ಎಂಬುದು ಡಬ್ಬಿಯ ಮೇಲೆ ಅಚ್ಚು ಹಾಕಿಸುವವರ ಲಕ್ಷಣ. ಅದು ಒಂಟಿ ಗೊರಸಿನ ಹಸು.

ಸಿದ್ಧಾಂತ ಹೀಗಿದೆ. ಬೆರಳು ತಿರುಗಿಸಿದಷ್ಟೇ ಗಾಜು ಸರಿಯಬೇಕು. ಬ್ಯಾಟರಿ ತೆಗೆದರೂ ಸರಿಯಬೇಕು. ದೂರದ ತುದಿ ಬಂದಾಗ ರಿಂಗ್ ಟಕ್ಕನೆ ನಿಲ್ಲಬೇಕು. ಎಷ್ಟು ಅಡಿಗೆ, ಎಷ್ಟು ಮೀಟರಿಗೆ ನಿಂತಿದೆ ಎಂದು ಲೆನ್ಸಿನ ಮೈಮೇಲೆ ಬರೆದಿರಬೇಕು. ಇದರಲ್ಲಿ ರಹಸ್ಯವೇನೂ ಇಲ್ಲ. ಒಳಗಿರುವುದು ಹಾರ್ಲಿಕ್ಸ್ ಬಾಟಲಿಯ ಮುಚ್ಚಳದಲ್ಲಿರುವಂಥ ತಿರುಪು, ಸ್ವಲ್ಪ ನಾಜೂಕಾದದ್ದು, ಅದಕ್ಕೊಂದಿಷ್ಟು ಗ್ರೀಸ್.

ವರ್ಗೀಕರಣ

ಮಿಥ್ಯಾಕರನಾಭೀಕರಣವು ಸಪ್ತವಿಧ.

ಒಂದನೆಯದು ಬಾಣಪ್ರಯೋಗಾತ್ಮಕ. ಜೇಬಿನಲ್ಲಿ ಹಿಡಿಯುವ ಕ್ಯಾಮೆರಾಗಳಲ್ಲಿ ಎಂಎಫ್ ಆರಿಸಿ, ಹಿಂಬದಿಯ ಬಾಣದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗುವುದು. ತೆರೆಯ ಮೇಲೆ ಒಂದು ಪಟ್ಟಿಯೂ ಒಂದು ಹೂವಿನ ಚಿತ್ರವೂ ಒಂದು ಬೆಟ್ಟದ ಚಿತ್ರವೂ ಮೂಡುತ್ತವೆ. ಹೂವಿನಿಂದ ಬೆಟ್ಟಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ಮಗು ನಗುವುದನ್ನು ನಿಲ್ಲಿಸಿರುತ್ತದೆ.

ಎರಡನೆಯದು ಅರ್ಜಿರೂಪಿ. ಇದೇ ಈ ಪ್ರಬಂಧದ ಹೃದಯ. ಇಲ್ಲಿ ರಿಂಗ್ ಇದೆ, ಚೆನ್ನಾಗಿ ತಿರುಗುತ್ತದೆ, ಹಿಡಿತಕ್ಕೆ ರಬ್ಬರ್ ಗೀರುಗಳೂ ಇವೆ. ಆದರೆ ಅದು ಸರಿಸುವುದು ಏನನ್ನೂ ಅಲ್ಲ. ಒಳಗಿನ ಸೆನ್ಸರ್ ತಿರುವನ್ನು ಎಣಿಸಿ ಪ್ರೊಸೆಸರಿಗೆ ಕಳಿಸುತ್ತದೆ, ಪ್ರೊಸೆಸರ್ ಅದನ್ನು ಪರಿಶೀಲಿಸಿ ಮೋಟಾರಿಗೆ ಆದೇಶ ಹೊರಡಿಸುತ್ತದೆ, ಮೋಟಾರು ಗಾಜನ್ನು ಸರಿಸುತ್ತದೆ. ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟವರಿಗೆ ಈ ಕ್ರಮ ಹೊಸದಲ್ಲ. ಜೊತೆಗೊಂದು ವೈಚಿತ್ರ್ಯವಿದೆ: ಬೇಗ ತಿರುಗಿಸಿದರೆ ಗಾಜು ಹೆಚ್ಚು ದೂರ, ನಿಧಾನ ತಿರುಗಿಸಿದರೆ ಕಡಿಮೆ ದೂರ. ಅಂದರೆ ಬೆರಳಿಗೆ ಅಭ್ಯಾಸವೇ ಆಗದಂತೆ ಏರ್ಪಾಡು. ಮೃದಂಗದವನಿಗೆ ದಿನಕ್ಕೊಂದು ಅಳತೆಯ ಮೃದಂಗ ಕೊಟ್ಟಂತೆ.

ಮೂರನೆಯದು ವಿಸ್ಮೃತಿಶೀಲ. ಇಂಥ ಅನೇಕ ಲೆನ್ಸುಗಳು ಕ್ಯಾಮೆರಾ ಆಫ್ ಆದೊಡನೆ ತಾವು ಎಲ್ಲಿ ನಿಂತಿದ್ದೆವೆಂಬುದನ್ನೇ ಮರೆಯುತ್ತವೆ. ನಾಲ್ಕನೆಯದು ನಿಶ್ಚೇಷ್ಟ. 2016ರಲ್ಲಿ ಬಂದ ನಿಕಾನ್ ಎಎಫ್-ಪಿ 18-55 ಲೆನ್ಸನ್ನು ಅದೇ ಕಂಪನಿಯ ಡಿ90, ಡಿ3100ದಂಥ ಹಳೆಯ ಬಾಡಿಗಳಿಗೆ ಹಾಕಿದರೆ ಆಟೋಫೋಕಸ್ ಆಗದು, ಅದು ಸಹ್ಯ. ರಿಂಗ್ ತಿರುಗಿಸಿದರೂ ಫೋಕಸ್ ಆಗದು. ಮೋಟಾರಿಗೆ ಹಳೆಯ ಬಾಡಿಯ ಭಾಷೆ ತಿಳಿಯದು, ಕೈಗೆ ಗಾಜಿನ ತನಕ ದಾರಿ ಇಲ್ಲ. ಅದೇ ಬಾಡಿಗಳಿಗೆ 1980ರ ದಶಕದ ನಿಕಾನ್ ಲೆನ್ಸ್ ಹಾಕಿದರೆ ಆರಾಮಾಗಿ ಫೋಕಸ್ ಆಗುತ್ತದೆ.

ಐದು, ಆರು, ಏಳನೆಯ ವಿಧಗಳನ್ನು ಕೈಬಿಡಲಾಗಿದೆ. ಅವೂ ಎರಡನೆಯದೇ, ಬಣ್ಣ ಬೇರೆ. ‘ಸಪ್ತವಿಧ’ ಎಂದು ಬರೆದದ್ದು ಕೇಳಲು ಗಂಭೀರವಾಗಿರಲಿ ಎಂದು.

ಇಷ್ಟೆಲ್ಲ ಯಾಕೆ, ಆಟೋಫೋಕಸ್ ಇದೆಯಲ್ಲ ಎಂಬುದು ಪೂರ್ವಪಕ್ಷ. ಅದಕ್ಕೆ ಉತ್ತರ ಪುಣೆಯಲ್ಲೇ ಸಿಗುತ್ತದೆ. ಸಿಂಹಗಡದ ತಪ್ಪಲಿನ ಕಾಡಿನಲ್ಲಿ ಹಕ್ಕಿ ನೋಡುವವರಿಗೆ ಇದು ಗೊತ್ತು: ರಾಜಹಕ್ಕಿ ಕುಳಿತಿರುವುದು ಕೊಂಬೆಗಳ ಸಂದಿಯಲ್ಲಿ, ಕ್ಯಾಮೆರಾ ಹಿಡಿಯುವುದು ಎದುರಿನ ಕಡ್ಡಿಯನ್ನು. ಮನೆಗೆ ಬಂದು ನೋಡಿದರೆ ಕಡ್ಡಿಯ ಮೇಲಿನ ಇರುವೆ ಕೂಡ ಶಾರ್ಪ್, ಹಿಂದೆ ಒಂದು ಬಿಳಿ ಮಬ್ಬು. ಊರಿನಿಂದ ಬಂದ ಮೇಳದ ಯಕ್ಷಗಾನವಾದರೆ ಕಿರೀಟದ ಮಿಣುಕಿಗೂ ಹಿಂದಿನ ಪರದೆಗೂ ನಡುವೆ ಲೆನ್ಸ್ ಅತ್ತಿತ್ತ ಓಡಾಡುತ್ತದೆ. ವೇಷದವನ ಕಣ್ಣು ಒಂದೇ ಒಂದು ಸಲ ಅರಳಿದ್ದಾಗ ಅದು ಎಲ್ಲೋ ಇರುತ್ತದೆ. ಇನ್ನು ನಕ್ಷತ್ರಗಳು. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರಿಂದ ಜನರಿಗೆ ಆಕಾಶ ತೋರಿಸುತ್ತಿದೆ. ಕತ್ತಲೆಯ ಆಕಾಶಕ್ಕೆ ಹಿಡಿದರೆ ಸಾಮಾನ್ಯ ಆಟೋಫೋಕಸಿಗೆ ಕಚ್ಚಲು ಏನೂ ಸಿಗದು. ಹಳೆಯ ಲೆನ್ಸಿನಲ್ಲಿ ಮಲಗಿದ ಎಂಟರ ಗುರುತಿಗೆ ರಿಂಗ್ ತಂದು ನಿಲ್ಲಿಸಿದರೆ ಕೆಲಸ ಹೆಚ್ಚುಕಡಿಮೆ ಮುಗಿಯುತ್ತಿತ್ತು. ಅನಂತವನ್ನು ಮುಟ್ಟಲು ಋಷಿಗಳಿಗೆ ಜನ್ಮಾಂತರ ಬೇಕಾಯಿತು. ಲೆನ್ಸಿನ ಮೇಲೆ ಅದಕ್ಕೊಂದು ಗೆರೆ ಇತ್ತು. ಆ ಗೆರೆಯನ್ನೂ ತೆಗೆದರು.

ಗೆರೆ ಹೋದದ್ದರ ನಷ್ಟ ದೊಡ್ಡದು. ಗಣೇಶ ವಿಸರ್ಜನೆಯ ದಿನ ಲಕ್ಷ್ಮಿ ರಸ್ತೆಯಲ್ಲಿ ಢೋಲ್-ತಾಶಾ ಪಥಕಗಳ ನಡುವೆ ಸಿಕ್ಕಿಕೊಂಡವನಿಗೆ ಕ್ಯಾಮೆರಾ ಕಣ್ಣಿಗೆ ಹಚ್ಚಲೂ ಜಾಗ ಇರುವುದಿಲ್ಲ. ಎಪಿಎಸ್-ಸಿ ಸೆನ್ಸರಿನ ಬಾಡಿಗೆ 28 ಎಂಎಂ ಲೆನ್ಸ್ ಹಾಕಿ, ಅಪರ್ಚರ್ ಎಫ್ 8ಕ್ಕೆ ಇಟ್ಟು, ರಿಂಗನ್ನು 5 ಮೀಟರಿಗೆ ತಿರುಗಿಸಿ ಬಿಟ್ಟರೆ ಸುಮಾರು ಎರಡೂವರೆ ಮೀಟರಿನಿಂದ ಕಣ್ಣು ಹೋಗುವಷ್ಟು ದೂರದವರೆಗೆ ಎಲ್ಲವೂ ಸ್ಪಷ್ಟ. ಕೈ ಮೇಲೆತ್ತಿ ಕ್ಲಿಕ್ ಮಾಡುತ್ತ ಹೋದರಾಯಿತು. ಯಂತ್ರಕ್ಕೆ ಯೋಚಿಸುವ ಪ್ರಮೇಯವೇ ಇಲ್ಲ. ಹಳೆಯ ಪತ್ರಿಕಾ ಛಾಯಾಗ್ರಾಹಕರಿಗೆ ಇದು ಬಾಯಿಪಾಠ. ಆದರೆ 5 ಎಂಬ ಅಂಕಿ ಲೆನ್ಸಿನ ಮೇಲೆ ಇದ್ದರೆ ತಾನೆ?

ಇಲ್ಲಿ ಪ್ರಬಂಧದ ಗಾಂಭೀರ್ಯಕ್ಕೆ ಸ್ವಲ್ಪ ಭಂಗ ಬರುತ್ತದೆ. ಕೆನಾನಿನ ಅಗ್ಗದ 50 ಎಂಎಂ ಎಫ್ 1.8 ಲೆನ್ಸನ್ನೇ ನೋಡಿ. 1987ರದಕ್ಕೆ ದೂರದ ಅಳತೆ ತೋರಿಸುವ ಕಿಟಕಿ ಇತ್ತು. 1990ರದರಲ್ಲಿ ಕಿಟಕಿ ಹೋಯಿತು, ರಿಂಗ್ ಮೂತಿಯ ತುದಿಯಲ್ಲಿ ಬಳೆಯಷ್ಟು ತೆಳ್ಳಗಾಯಿತು. 2015ರದರಲ್ಲಿ ರಿಂಗ್ ಮತ್ತೆ ಹಿಡಿಯುವಂತಾಯಿತು, ಆದರೆ ತಂತಿಯ ಮೂಲಕ, ಅರ್ಜಿರೂಪಿಯಾಗಿ. ಮೂರು ತಲೆಮಾರಿನಲ್ಲಿ ಆಸ್ತಿ ಕರಗಿದ ಕಥೆ. ಕೇಳಿದರೆ ಬಳಕೆದಾರರಿಗೆ ಬೇಡವಾಗಿದೆ ಎನ್ನುತ್ತಾರೆ. ಯಾವ ಬಳಕೆದಾರ? ಎರಡು ಸಾಲು ಅಂಕಿಗೆ ಎಷ್ಟು ಬಣ್ಣ ಬೇಕು? ತಿರುಪು ಬೇಡ, ಮೋಟಾರೇ ಅಗ್ಗ ಎಂದಾದರೆ ಹಾಗೆಂದು ಹೇಳಲಿ. ಡಬ್ಬಿಯ ಮೇಲೆ ‘ಮ್ಯಾನುಯಲ್ ಫೋಕಸ್’ ಎಂದು ದಪ್ಪಕ್ಷರದಲ್ಲಿ ಹಾಕಿ ಕೈಯ ಹೆಸರಿನಲ್ಲಿ ಮೋಟಾರು ಮಾರುವುದು ಸುಳ್ಳು. ಇನ್ನೊಂದು ತುದಿಯಲ್ಲಿ ಲೈಕಾ ಎಂ ಇದೆ. ಅದರಲ್ಲಿ ಆಟೋಫೋಕಸ್ ಇಲ್ಲವೇ ಇಲ್ಲ, 2006ರ ಎಂ8ರಿಂದ ಡಿಜಿಟಲ್. ಬೆಲೆ ಲಕ್ಷಗಳಲ್ಲಿ. ಸಾರಿಗೆ ಉಪ್ಪು ಹಾಕದ್ದಕ್ಕೆ ಉಪ್ಪಿನ ಗಣಿಯ ಬೆಲೆ ವಸೂಲಿ.

ಕ್ಷೇತ್ರಕಾರ್ಯಕ್ಕೆ ಸಂಶೋಧಕರು ಜುನಾ ಬಾಜಾರಕ್ಕೆ ಹೋದರು. ಅದು ಭಾನುವಾರ ಮತ್ತು ಬುಧವಾರ ನೆರೆಯುವ ಹಳೆ ಸಾಮಾನಿನ ಸಂತೆ: ತುಕ್ಕು ಹಿಡಿದ ಸ್ಪ್ಯಾನರ್, ಹಿತ್ತಾಳೆ ಬೀಗ, ಕಿವುಡು ರೇಡಿಯೋ. ತಾಡಪಾಲಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಪಕ್ಕ ಒಂದು ರಷ್ಯನ್ ಹೆಲಿಯೋಸ್ 44-2 ಕುಳಿತಿತ್ತು. 58 ಎಂಎಂ, ಎಫ್ 2, ಝೆನಿತ್ ಕ್ಯಾಮೆರಾದ ಜೊತೆ ಬರುತ್ತಿದ್ದದ್ದು. ಸಂಶೋಧಕರು ತಮಗೆ ತಾವೇ ಕನ್ನಡದಲ್ಲಿ ಗೊಣಗಿದ್ದು ಕೇಳಿ ಮಾರುವವನು ಮುಖ ಎತ್ತಿದ. ಕಲಬುರಗಿಯ ಕಡೆಯವನು.

“ಇದು ಕ್ಯಾಮೆರಾದ್ದು ಏನ್ರಿ?”

“ಹೌದಪ್ಪಾ, ಲೆನ್ಸು. ಎಷ್ಟಕ್ಕೆ ಕೊಡ್ತಿ?”

“ಎರಡ್ ಸಾವಿರ ಕೊಡ್ರಿ. ಮೋಟಾರ್ ಇಲ್ರಿ ಇದರಾಗ, ಕೈಲೇ ತಿರುವಬೇಕ್ರಿ. ಹಂಗಂತನೇ ಕಮ್ಮಿ ಹೇಳೇನಿ.”

ಅಂಗಡಿಗಳಲ್ಲಿ ಇಲ್ಲದ್ದನ್ನು ಇದೆ ಎಂದು ಮಾರಿದವರ ನಡುವೆ, ಇರುವುದಕ್ಕೆ ಕ್ಷಮೆ ಕೇಳಿದವನು ಇವನೊಬ್ಬ. ರಿಂಗ್ ತಿರುಗಿಸಿದರೆ ಹಳೆಯ ಗ್ರೀಸ್ ಹಲಸಿನ ಮೇಣದಂತೆ ಬಿಗಿ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಒಂದೆರಡು ಎಳೆ ಫಂಗಸ್, ಪುಣೆಯ ಮಳೆಗಾಲದ ಉಡುಗೊರೆ. ಆದರೂ ತಿರುವಿದಷ್ಟೂ ಗಾಜು ಮುಂದೆ ಬರುತ್ತಿತ್ತು. ತುದಿಯಲ್ಲಿ ಟಕ್ಕೆಂದು ನಿಂತಿತು. ಚೌಕಾಸಿ ಒಂದೂವರೆ ಸಾವಿರಕ್ಕೆ ಮುಗಿಯಿತು.

ಇದನ್ನು ಯಾವ ಬಾಡಿಗೆ ಹಾಕುವುದು ಎಂಬಲ್ಲಿ ಮಾತ್ರ ಶಾಸ್ತ್ರ ನಿಜವಾಗಿ ಬೇಕಾಗುತ್ತದೆ. ಲೆನ್ಸಿನ ಬುಡದಿಂದ ಸೆನ್ಸರಿಗೆ ಇರಬೇಕಾದ ದೂರ ಹೆಲಿಯೋಸಿನ ಎಂ42 ಮೌಂಟಿಗೆ 45.46 ಮಿಲಿಮೀಟರ್. ಕೆನಾನ್ ಇಎಫ್ ಬಾಡಿಯಲ್ಲಿ ಆ ದೂರ 44, ಹಾಗಾಗಿ ಒಂದು ತೆಳು ಅಡಾಪ್ಟರ್ ಸಾಕು. ನಿಕಾನಿನಲ್ಲಿ 46.5, ಅಲ್ಲಿ ನಡುವೆ ಇನ್ನೊಂದು ಗಾಜು ಸೇರಿಸದಿದ್ದರೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗದು. ಸೋನಿ ಇ ಮೌಂಟಿನಲ್ಲಿ ಬರೀ 18, ಹೆಚ್ಚುಕಡಿಮೆ ಯಾವ ಕಂಪನಿಯ ಹಳೆ ಲೆನ್ಸಾದರೂ ಕೂರುತ್ತದೆ. 2014ರ ಸೋನಿ ಎ6000 ಸೆಕೆಂಡ್ ಹ್ಯಾಂಡ್ ಆಗಿ ಸಿಕ್ಕರೆ ಅದರಲ್ಲಿ ಫೋಕಸ್ ಪೀಕಿಂಗ್ ಇದೆ: ಸ್ಪಷ್ಟವಾದ ಅಂಚುಗಳಿಗೆ ಬಣ್ಣದ ಗೆರೆ ಹಚ್ಚಿ ತೋರಿಸುತ್ತದೆ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬೀಳಲು ಅನುಮತಿ ಕೊಡಬೇಕು, ಯಾಕೆಂದರೆ ಎದುರಿಗಿರುವ ಹೆಲಿಯೋಸನ್ನು ಅದು ಲೆನ್ಸ್ ಎಂದೇ ಒಪ್ಪುವುದಿಲ್ಲ. ಹಳೆಯ ಕೆನಾನ್ 550ಡಿ ಆದರೆ ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಬಹುದು. ನಿಕಾನ್ ಮನೆಯವರಿಗೆ 2006ರ ಡಿ40 ಸಾಕು. ಅದರ ಬಾಡಿಯಲ್ಲಿ ಮೋಟಾರೇ ಇಲ್ಲ. ಮೇಲೆ ಹೇಳಿದ 50 ಎಂಎಂ ಡಿ ಲೆನ್ಸ್ ಅಲ್ಲಿ ತಾನಾಗಿಯೇ ಕೈಯ ಲೆನ್ಸಾಗುತ್ತದೆ, ಫೋಕಸ್ ಕೂತಾಗ ಹಸಿರು ಚುಕ್ಕಿ ಹೊತ್ತಿಕೊಳ್ಳುತ್ತದೆ. ಚುಕ್ಕಿಯನ್ನು ಪೂರ್ತಿ ನಂಬಬಾರದು. ಎರಡು ಮೀಟರ್ ದೂರದಲ್ಲಿ ಎಫ್ 1.8ಕ್ಕೆ ಸ್ಪಷ್ಟವಾಗಿ ಬರುವ ಆಳ ಸುಮಾರು 11 ಸೆಂಟಿಮೀಟರ್. ಮೂಗು ಸಿಕ್ಕಿ ಕಿವಿ ಕೈಬಿಡುವಷ್ಟು.

ಹೊಸದೇ ಬೇಕೆನ್ನುವವರಿಗೆ ಸೆವೆನ್ ಆರ್ಟಿಸನ್ಸ್, ಟಿಟಿ ಆರ್ಟಿಸನ್ ಮುಂತಾದ ಚೀನಾ ಕಂಪನಿಗಳು ಲೋಹದ ಮೈಯ, ಅಂಕಿ ಕೆತ್ತಿದ, ಮೋಟಾರಿಲ್ಲದ ಲೆನ್ಸುಗಳನ್ನು ಮಾಡುತ್ತಿವೆ. ದೊಡ್ಡ ಕಂಪನಿಗಳು ಎಸೆದ ತಿರುಪನ್ನು ಅವು ಎತ್ತಿಕೊಂಡವು.

ಪುಣೆಯಲ್ಲೇ, ಲಾ ಕಾಲೇಜ್ ರಸ್ತೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ 1960ರಲ್ಲಿ ಶುರುವಾದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲಿ, ಗಿರೀಶ ಕಾರ್ನಾಡರು ನಿರ್ದೇಶಕರಾಗಿದ್ದದ್ದೂ ಅಲ್ಲಿ. ಸಿನಿಮಾದಲ್ಲಿ ಫೋಕಸ್ ಎಳೆಯುವುದೇ ಒಬ್ಬನ ಉದ್ಯೋಗ. ಕ್ಯಾಮೆರಾದ ಮೈಮೇಲಿನ ಒಂದು ಗುರುತಿನಿಂದ ನಟನ ಕಣ್ಣಿನವರೆಗೆ ಟೇಪ್ ಹಿಡಿದು ಅಳೆದು, ಅವನು ನಡೆದು ಬರುವ ಹೆಜ್ಜೆಗೆ ಸರಿಯಾಗಿ ರಿಂಗ್ ತಿರುಗಿಸುವ ಕೆಲಸ. ಪಳಗಿದವನು ಟೇಪ್ ಬಿಟ್ಟು ಕಣ್ಣಳತೆಯಲ್ಲೇ ಹನ್ನೆರಡು ಅಡಿ ಎನ್ನುತ್ತಾನೆ, ಹನ್ನೆರಡೇ ಇರುತ್ತದೆ. ಸ್ಥಿರಚಿತ್ರದವರಿಗೂ ಮೊದಲು ಕೈಯೇ ಗತಿ: ಮಿನೋಲ್ಟಾ 7000 ಆಟೋಫೋಕಸನ್ನು ಬಾಡಿಯೊಳಗೇ ತಂದದ್ದು 1985ರಲ್ಲಿ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅದಕ್ಕೂ ಎಷ್ಟೋ ಮೊದಲೇ ಹಕ್ಕಿಗಳ ಚಿತ್ರ ತೆಗೆದು ಹೆಸರಾಗಿದ್ದರು. ನಮ್ಮ ಊರುಗಳ ಸ್ಟುಡಿಯೋದವರು ಮದುವೆ ಮನೆಯಲ್ಲಿ ಧಾರೆಯ ನೀರು ಬೀಳುವ ಆ ಕ್ಷಣವನ್ನು ಹಿಡಿದದ್ದೂ ಹೀಗೆಯೇ, ಎಡಗೈಯ ಎರಡು ಬೆರಳಿನಲ್ಲಿ. ಆ ಬೆರಳುಗಳಲ್ಲಿ ಇದ್ದದ್ದು ಯಾವ ಶಾಲೆಯೂ ಕಲಿಸಿದ ವಿದ್ಯೆಯಲ್ಲ. ಆ ಸ್ಟುಡಿಯೋಗಳು ಬಹಳಷ್ಟು ಈಗ ಮೊಬೈಲ್ ರೀಚಾರ್ಜ್ ಅಂಗಡಿ, ಆ ಬೆರಳುಗಳ ಕೆಲವರು ಅಲ್ಲೇ ಆಧಾರ್ ಕಾರ್ಡ್ ಲ್ಯಾಮಿನೇಟ್ ಮಾಡಿಕೊಡುತ್ತಿದ್ದಾರೆ.

ಟೇಪ್ ಹಿಡಿಯುವ ಆ ಗುರುತು, ಒಂದು ಸೊನ್ನೆ, ಅದರ ನಡುವೆ ಹಾಯ್ದ ಒಂದು ಗೆರೆ, ಇಂದಿನ ಅನೇಕ ಕ್ಯಾಮೆರಾಗಳ ತಲೆಯ ಮೇಲೂ ಇದೆ. ಅಳೆಯಲು ಶುರುಮಾಡುವ ಜಾಗ ಉಳಿದಿದೆ, ಅಳತೆಯನ್ನು ಹೊಂದಿಸುವ ಅಂಕಿ ಲೆನ್ಸಿನಲ್ಲಿಲ್ಲ. ಅಂಗಡಿಯವರನ್ನು ಅದೇನೆಂದು ಕೇಳಿ ನೋಡಿ.

ಕೊಳ್ಳುವ ಮೊದಲು ಇನ್ನೊಂದು ಕೆಲಸ ಮಾಡಿ. ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಟ್ಯೂಬ್‌ಲೈಟಿಗೆ ಹಿಡಿದು, ರಿಂಗ್ ತಿರುಗಿಸಿ. ಗಾಜು ಸರಿದರೆ ಬೆಲೆ ಕೇಳಿ, ಸರಿಯದಿದ್ದರೆ ಕೆಳಗಿಡಿ. ಪುಣೆಯಲ್ಲಾದರೆ ನಾಲ್ಕು ಗಂಟೆಯ ಮೇಲೆ ಹೋಗಿ.