ಕೊಂಡಿಯ ತಪ್ಪಿಗೆ ರೆಕ್ಕೆಗೆ ಶಿಕ್ಷೆ: ಬ್ರಿಟನ್ನಿನ ಯುದ್ಧ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧಿಕಾರಿಗಳು,
ಯುದ್ಧ ಇಲಾಖೆ, ವೈಟ್‌ಹಾಲ್, ಲಂಡನ್.

ವಿಷಯ: ಸೇನೆಯವರು ಮೊನೊಪ್ಲೇನ್ ಹಾರಿಸಕೂಡದೆಂದು 1912ರ ಸೆಪ್ಟೆಂಬರಿನಲ್ಲಿ ತಾವು ಹೊರಡಿಸಿದ ಆದೇಶಕ್ಕೆ ಅಭಿನಂದನೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ನೂರು ವರ್ಷ ದಾಟಿದ ಮೇಲೆ ಯಾಕಪ್ಪ ಈ ಪತ್ರ ಎಂದು ಹುಬ್ಬೇರಿಸಬೇಡಿ. ಸರ್ಕಾರಿ ಕಚೇರಿಗೆ ಬರೆದ ಕಾಗದ ಮೇಜಿನಿಂದ ಮೇಜಿಗೆ ಸಾಗಲು ಎಷ್ಟು ಕಾಲ ಬೇಕೆಂಬ ಅಂದಾಜು ನಮ್ಮ ಕಡೆಯವರಿಗೂ ಇದೆ. ತಮ್ಮ ಇಲಾಖೆ 1964ರಲ್ಲೇ ರಕ್ಷಣಾ ಸಚಿವಾಲಯದೊಳಗೆ ಕರಗಿಹೋಯಿತು ಎಂಬುದೂ ಗೊತ್ತು. ಆದರೂ ಅಭಿನಂದನೆ ಬಾಕಿ ಉಳಿಸಿಕೊಳ್ಳಬಾರದಲ್ಲ.

ಮೊದಲು ಆ ಸೆಪ್ಟೆಂಬರ್ ತಿಂಗಳು. ಸೇನೆಯ ವಾರ್ಷಿಕ ಕವಾಯತಿನ ಹೊತ್ತು. 6ನೇ ತಾರೀಖು ಕ್ಯಾಪ್ಟನ್ ಹ್ಯಾಮಿಲ್ಟನ್ ಮತ್ತು ಲೆಫ್ಟಿನೆಂಟ್ ವೈನೆಸ್ ಸ್ಟುವರ್ಟ್ ಕುಳಿತಿದ್ದ ಡೆಪರ್ಡ್ಯುಸನ್ ವಿಮಾನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಆಕಾಶದಲ್ಲೇ ಮುರಿದುಬಿತ್ತು. ನಾಲ್ಕೇ ದಿನಕ್ಕೆ ಆಕ್ಸ್‌ಫರ್ಡ್ ಪಕ್ಕದ ವುಲ್ವರ್‌ಕೋಟ್‌ನಲ್ಲಿ ಬ್ರಿಸ್ಟಲ್ ಕಂಪನಿಯ ವಿಮಾನ ಬಿದ್ದು ಲೆಫ್ಟಿನೆಂಟ್ ಹಾಚ್‌ಕಿಸ್, ಲೆಫ್ಟಿನೆಂಟ್ ಬೆಟಿಂಗ್‌ಟನ್ ಸತ್ತರು. ಎರಡೂ ಮೊನೊಪ್ಲೇನ್, ಅಂದರೆ ಒಂದೇ ಸಾಲಿನ ರೆಕ್ಕೆಯವು. ಮಂತ್ರಿ ಕರ್ನಲ್ ಸೀಲಿಯವರ ಇಲಾಖೆ ತಡಮಾಡಲಿಲ್ಲ. ರಾಯಲ್ ಫ್ಲೈಯಿಂಗ್ ಕೋರ್‌ನ ಸೇನಾ ವಿಭಾಗದಲ್ಲಿ ಇನ್ನು ಮೊನೊಪ್ಲೇನ್ ಬಂದ್.

ವುಲ್ವರ್‌ಕೋಟ್‌ನಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆ ಕಾಲದ ರೆಕ್ಕೆ ಎಂದರೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ತೆಳ್ಳಗಿನ ಅದು ತಾನಾಗಿ ನಿಲ್ಲದು. ಕೆಳಗಿನಿಂದ ಒಂದಷ್ಟು ತಂತಿ, ಮೇಲಿನ ಗೂಟದಿಂದ ಒಂದಷ್ಟು ತಂತಿ ಹಿಡಿದೆಳೆದು ಅದನ್ನು ನಿಲ್ಲಿಸುತ್ತಿದ್ದವು. ಅಂಥ ಒಂದು ತಂತಿಯನ್ನು ಬೇಗ ಬಿಚ್ಚಿ ಬೇಗ ಹಾಕಲೆಂದು ಮಾಡಿದ್ದ ಕೊಂಡಿ ಹಾರಾಟದಲ್ಲಿ ಕಳಚಿಕೊಂಡಿತು. ಸಡಿಲವಾದ ತಂತಿ ರೆಕ್ಕೆಗೆ ಬಡಿದು ಬಟ್ಟೆಯನ್ನು ತೂತು ಮಾಡಿತು. ಆ ವೇಗದ ಗಾಳಿಗೆ ಅಷ್ಟು ಸಾಕು. ಬಟ್ಟೆ ಕಿತ್ತುಹೋಯಿತು, ವಿಮಾನ ನೆಲ ಸೇರಿತು.

ತಪ್ಪು ಕೊಂಡಿಯದು. ಕೊಂಡಿಯನ್ನು ನಿಷೇಧಿಸಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಆಕಾರವನ್ನೇ ನಿಷೇಧಿಸಿದರೆ ಪತ್ರಿಕೆಯಲ್ಲಿ ಸುದ್ದಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮ್ಮ ಹಳ್ಳಿಗಳಲ್ಲಷ್ಟೇ ಇದ್ದಾನೆ ಎಂದುಕೊಂಡಿದ್ದೆವು. ವೈಟ್‌ಹಾಲ್‌ನಲ್ಲೂ ಅವನಿಗೆ ಒಂದು ಕುರ್ಚಿ ಇತ್ತೆಂದು ತಿಳಿದು ಹೆಮ್ಮೆಯಾಯಿತು.

ಫ್ರಾನ್ಸಿನವರು ಎಷ್ಟು ಅವಸರದ ಜನ ನೋಡಿ. ಅದೇ ವರ್ಷದ ಆರಂಭದಲ್ಲಿ ಲೂಯಿ ಬ್ಲೇರಿಯೋ ತನ್ನ ಹೆಸರಿನ ವಿಮಾನದ ದೋಷವನ್ನು ತಾನೇ ಸರ್ಕಾರಕ್ಕೆ ಬರೆದುಕೊಟ್ಟ: ವಿಮಾನ ಮೂಗು ಕೆಳಗೆ ಮಾಡಿ ಇಳಿಯುವಾಗ ರೆಕ್ಕೆಯ ಮೇಲಿನಿಂದಲೂ ಒತ್ತಡ ಬೀಳುತ್ತದೆ, ಮೇಲಿನ ತಂತಿಗಳು ಅದನ್ನು ತಾಳುವಷ್ಟು ಗಟ್ಟಿಯಿಲ್ಲ. ಅಲ್ಲಿನ ಸೇನೆ ಕೆಲಕಾಲ ಹಾರಾಟ ನಿಲ್ಲಿಸಿ, ತಂತಿ ಗಟ್ಟಿ ಮಾಡಿಸಿ, ಮತ್ತೆ ಹಾರಿಸಿತು. ವ್ಯಾಪಾರಿಯೊಬ್ಬ ತನ್ನ ಮಾಲಿನ ಹುಳುಕನ್ನು ತಾನೇ ಹೇಳುವುದು, ಸರ್ಕಾರ ಅದನ್ನು ಓದುವುದು! ಶಿಸ್ತಿನ ಇಲಾಖೆಗೆ ಇದು ಮೇಲ್ಪಂಕ್ತಿಯಾಗದಿರಲಿ.

ತಾವೂ ಸಮಿತಿ ನೇಮಿಸಿದಿರಿ. 1913ರ ಆರಂಭದಲ್ಲಿ ಅದರ ವರದಿ ಬಂತು: ಅಪಘಾತಗಳಿಗೆ ಮೊನೊಪ್ಲೇನ್ ಎಂಬ ಆಕಾರ ಕಾರಣವಲ್ಲ, ಮುಖ್ಯ ತಂತಿಗಳನ್ನು ಎರಡೆರಡು ಹಾಕಿ, ಬಟ್ಟೆಯನ್ನು ಭದ್ರವಾಗಿ ಕಟ್ಟಿ. ಸುಮಾರು ಐದು ತಿಂಗಳ ನಿಷೇಧ ತೆರವಾಯಿತು. ಕಾಗದದ ಮೇಲೆ.

ಇನ್ನೊಂದು ಕಡೆ ಬೈಪ್ಲೇನ್‌ಗೆ, ಅಂದರೆ ಎರಡು ಸಾಲು ರೆಕ್ಕೆಯ ವಿಮಾನಕ್ಕೆ, ಸಿಕ್ಕ ಪ್ರೀತಿ ನೋಡಿ ಕಣ್ಣು ತುಂಬಿಬರುತ್ತದೆ. 1912ರ ಆಗಸ್ಟಿನಲ್ಲಿ ಸಾಲ್ಸ್‌ಬರಿ ಬಯಲಿನ ಲಾರ್ಕ್‌ಹಿಲ್‌ನಲ್ಲಿ ತಾವು ನಡೆಸಿದ ಸೇನಾ ವಿಮಾನ ಸ್ಪರ್ಧೆಯನ್ನು ಗೆದ್ದದ್ದು ಸ್ಯಾಮ್ಯುಯಲ್ ಕೋಡಿಯ ಬೈಪ್ಲೇನ್. ತಾವು ಅಂಥವನ್ನು ಎರಡು ಕೊಂಡಿರಿ. 1913ರ ಏಪ್ರಿಲ್‌ನಲ್ಲಿ ಅದರಲ್ಲೊಂದು ಫಾರ್ನ್‌ಬರೋದಲ್ಲಿ ಗಾಳಿಯಲ್ಲೇ ಚೂರಾಗಿ ಅಧಿಕಾರಿಯೊಬ್ಬರು ಸತ್ತರು. ಆಗಸ್ಟಿನಲ್ಲಿ ಕೋಡಿಯೇ ತನ್ನ ಹೊಸ ಬೈಪ್ಲೇನ್ ಮುರಿದು ಸತ್ತ. ಬೈಪ್ಲೇನ್ ನಿಷೇಧಿಸಿ ಎಂದು ಯಾರೂ ಸುತ್ತೋಲೆ ಬರೆಯಲಿಲ್ಲ. ಬೈಪ್ಲೇನ್ ಬಿದ್ದರೆ ದುರದೃಷ್ಟ, ಮೊನೊಪ್ಲೇನ್ ಬಿದ್ದರೆ ದುರ್ಗುಣ.

ಬೈಪ್ಲೇನ್ ಪರ ಒಂದು ಮಾತು ಹೇಳಲೇಬೇಕು. ಪತ್ರ ಏಕಪಕ್ಷೀಯ ಎಂದು ತಾವು ಬದಿಗಿಡಬಾರದು. ಎರಡು ಸಾಲು ರೆಕ್ಕೆ, ನಡುವೆ ಕಂಬ, ಓರೆ ತಂತಿ ಸೇರಿದರೆ ಉಕ್ಕಿನ ಸೇತುವೆಯಂತೆ ಗಟ್ಟಿ ಚೌಕಟ್ಟಾಗುತ್ತದೆ, ಅದೂ ಕಡಿಮೆ ತೂಕದಲ್ಲಿ. ಅಂದಿನ ಎಂಜಿನ್‌ಗಳ ಶಕ್ತಿಗೆ ಇದು ಬುದ್ಧಿವಂತಿಕೆಯೇ. ಆದರೆ ಅಷ್ಟೂ ಕಂಬ, ತಂತಿ ಗಾಳಿಗೆ ಅಡ್ಡ ನಿಲ್ಲುತ್ತವೆ. ವೇಗ ಬೇಕೆಂದವನು ಅದಕ್ಕೆ ತೆರ ಕಟ್ಟಬೇಕು.

ಆ ತೆರವನ್ನು ಕಟ್ಟಿಸಿಕೊಂಡವರು ಜರ್ಮನರು. ಫ್ರಾನ್ಸಿನ ಮೊರಾನ್ ಸೋಲ್ನಿಯೆ ಮಾದರಿಯನ್ನು ನೋಡಿಕೊಂಡು ಆಂಟನಿ ಫೊಕ್ಕರ್ ಒಂದು ಮೊನೊಪ್ಲೇನ್ ಮಾಡಿದ. ಮೇಲೊಂದು ಗೂಟ, ಕೆಳಗೆ ಮೇಲೆ ತಂತಿ: ತಾವು ನಿಷೇಧಿಸಿದವುಗಳ ಖಾಸಾ ದಾಯಾದಿ. ಹೊಸದೆಂದರೆ ತಿರುಗುವ ಪ್ರೊಪೆಲರಿನ ಎಲೆಗಳ ನಡುವಿನಿಂದಲೇ ಗುಂಡು ಹಾರುವಂತೆ ಮೆಷಿನ್‌ಗನ್ನಿಗೆ ಜೋಡಿಸಿದ ಯಂತ್ರ. 1915ರ ಬೇಸಿಗೆಯಿಂದ ಇವು ಬೇಟೆಗಿಳಿದವು. ಎದುರಿಗೆ ತಮ್ಮ ಬಿ.ಇ.2ಸಿ, ಸರ್ಕಾರಿ ಕಾರ್ಖಾನೆಯ ಬೈಪ್ಲೇನ್. ಅದರ ಮುಖ್ಯ ಗುಣ ಸ್ಥಿರತೆ: ಗಾಳಿ ತಳ್ಳಿದರೂ ತಾನಾಗಿ ನೇರವಾಗುತ್ತಿತ್ತು, ಬೆನ್ನಟ್ಟಿದವನಿಂದ ತಪ್ಪಿಸಿಕೊಳ್ಳಲು ತಟ್ಟನೆ ಹೊರಳು ಎಂದರೆ ಮಾತ್ರ ಹೊರಳುತ್ತಿರಲಿಲ್ಲ. ಬಂದೂಕು ಹಿಡಿದ ವೀಕ್ಷಕ ಕೂತದ್ದು ಮುಂದಿನ ಸೀಟಿನಲ್ಲಿ, ಕಂಬ ಮತ್ತು ತಂತಿಗಳ ಪಂಜರದೊಳಗೆ. ಶತ್ರು ಬರುವುದು ಹಿಂದಿನಿಂದ. ಗುಂಡು ಹಾರಿಸಬೇಕಾದದ್ದು ತನ್ನದೇ ಪೈಲಟ್‌ನ ತಲೆಯ ಮೇಲಿಂದ. 1916ರ ಜನವರಿ 14ರಂದು ಆದೇಶ ಬಂತು: ಬೇಹಿಗೆ ಹೋಗುವ ಪ್ರತಿ ವಿಮಾನದ ಜೊತೆ ಕನಿಷ್ಠ ಮೂರು ಕಾವಲು ವಿಮಾನ ಇರಬೇಕು. ಒಂದು ಕೆಲಸಕ್ಕೆ ನಾಲ್ಕು ವಿಮಾನ. ಆದೇಶ ಬರೆಯುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ಅದೇ ವರ್ಷದ ಜುಲೈನಲ್ಲಿ ಬ್ರಿಸ್ಟಲ್ ಕಂಪನಿಯ ಫ್ರಾಂಕ್ ಬಾರ್ನ್‌ವೆಲ್ ತಮ್ಮ ಬಾಗಿಲಿಗೇ ಉತ್ತರ ತಂದರು. ಎಂ.1 ಎಂಬ ಮೊನೊಪ್ಲೇನ್: ಮುಂದಿನಿಂದ ಹಿಂದಕ್ಕೆ ದುಂಡಗೆ ನುಣುಪಾದ ಮೈ, 110 ಅಶ್ವಶಕ್ತಿಯ ಎಂಜಿನ್, ಪರೀಕ್ಷೆಯಲ್ಲಿ ಗಂಟೆಗೆ 132 ಮೈಲಿ ವೇಗ. ಫೊಕ್ಕರ್ ಮೊನೊಪ್ಲೇನ್ ಇದರ ಹಿಂದೆ ಧೂಳು ಕುಡಿಯಬೇಕಿತ್ತು. ತಾವು ಪರಿಶೀಲಿಸಿ, ಇಳಿಯುವ ವೇಗ ಗಂಟೆಗೆ 49 ಮೈಲಿ, ಫ್ರಾನ್ಸಿನ ಸಣ್ಣ ಮೈದಾನಗಳಿಗೆ ಇದು ಜಾಸ್ತಿಯಾಯಿತು ಎಂದಿರಿ. ಷರಾದ ಹಿಂದೆ 1912ರ ನೆನಪು ಕೂತಿತ್ತು ಎಂಬ ಗುಮಾನಿ ಹಲವರಿಗಿದೆ, ನನಗೂ ಇದೆ. ಕೊನೆಗೆ 125 ಕಟ್ಟಿಸಿ ಮೆಸಿಡೋನಿಯಾ, ಪ್ಯಾಲೆಸ್ಟೈನ್, ಮೆಸಪೊಟೇಮಿಯಾಗಳಿಗೆ ಒಂದಿಷ್ಟು ಕಳಿಸಿದಿರಿ. ಅಲ್ಲಿನ ಮೈದಾನಗಳು ಬಹುಶಃ ಫ್ರಾನ್ಸಿನವಕ್ಕಿಂತ ಮೆತ್ತಗಿದ್ದವು.

ನೌಕಾದಳದ ಕತೆ ಹೇಳದಿದ್ದರೆ ಅಪಚಾರ. ತಮ್ಮ ನಿಷೇಧ ಅವರಿಗೆ ತಾಗಲಿಲ್ಲ, ಅವರೂ ತಾಗಿಸಿಕೊಳ್ಳಲಿಲ್ಲ. 1915ರ ಜೂನ್ 7ರಂದು ಅವರ ರೆಜಿನಾಲ್ಡ್ ವಾರ್ನ್‌ಫರ್ಡ್, ನಮ್ಮ ಡಾರ್ಜಿಲಿಂಗಿನಲ್ಲಿ ಹುಟ್ಟಿದ ಹುಡುಗ, ಮೊರಾನ್ ಮೊನೊಪ್ಲೇನ್‌ನಲ್ಲಿ ಏರಿ ಗೆಂಟ್ ಬಳಿ ಜೆಪ್ಪೆಲಿನ್ ವಾಯುನೌಕೆಯೊಂದರ ಮೇಲೆ ಬಾಂಬು ಹಾಕಿ ಕೆಡವಿದ. ಆಕಾಶದಲ್ಲಿ ವಿಮಾನವೊಂದು ಜೆಪ್ಪೆಲಿನ್ ಕೆಡವಿದ್ದು ಅದೇ ಮೊದಲು. ವಿಕ್ಟೋರಿಯಾ ಕ್ರಾಸ್ ಬಂತು. ಹತ್ತೇ ದಿನಕ್ಕೆ ಪ್ಯಾರಿಸ್ ಬಳಿ ಫಾರ್ಮನ್ ವಿಮಾನವೊಂದನ್ನು ಹಾರಿಸುವಾಗ ರೆಕ್ಕೆ ಕುಸಿದು ಸತ್ತ. ಅದು ಬೈಪ್ಲೇನ್.

ಉಳಿದ ಎಂ.1ಗಳಲ್ಲಿ ಹನ್ನೆರಡನ್ನು, ಚಿಲಿಗೆಂದು ಕಟ್ಟುತ್ತಿದ್ದ ಯುದ್ಧನೌಕೆಗಳನ್ನು ಬ್ರಿಟನ್ ಇಟ್ಟುಕೊಂಡದ್ದರ ಬಾಬ್ತು, ಆ ದೇಶಕ್ಕೆ ಕೊಟ್ಟರು. 1918ರ ಡಿಸೆಂಬರ್ 12ರಂದು ಲೆಫ್ಟಿನೆಂಟ್ ದಾಗೊಬೆರ್ತೊ ಗೊದೊಯ್ ಅದರಲ್ಲೊಂದನ್ನು ಹತ್ತಿ ಸಾಂತಿಯಾಗೊದಿಂದ ಆಂಡಿಸ್ ಪರ್ವತ ದಾಟಿ ಅರ್ಜೆಂಟೀನಾದ ಮೆಂದೋಸಾ ಕಡೆಗೆ ಹೋದ. ತಮ್ಮ ಯುದ್ಧ ಮುಗಿದು ಆಗ ಒಂದು ತಿಂಗಳಾಗಿತ್ತು.

ಇಂತಿ ತಮ್ಮ ವಿಧೇಯ,
ಓದುಗನೊಬ್ಬ

ಪ್ರತಿ: ನೌಕಾ ಇಲಾಖೆಗೆ. ಕ್ರಮ ಜರುಗಿಸುವ ಅಗತ್ಯವಿಲ್ಲ.