ಪಾಪಾಸುಕಳ್ಳಿಯ ಪರಿಪಾಲನೆ

ಗುಲಾಬಿ ಬೆಳೆಸುವವರ ಮುಖದಲ್ಲಿ ಸದಾ ರೋಗಿಯ ಮನೆಯವರ ಕಳವಳವನ್ನು ಕಂಡೇ ನಾನು ಪಾಪಾಸುಕಳ್ಳಿಯ ಪಕ್ಷಪಾತಿಯಾದೆನು. ಅಂಗೈಯಗಲದ ಒಂದು ತುಂಡನ್ನು ಕೊಯ್ದು, ಗಾಯ ಮಾಯುವವರೆಗೆ ನೆರಳಿನಲ್ಲಿ ಒಣಗಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಅನಂತರ ಅದನ್ನು ಮರೆತುಬಿಡುವಷ್ಟು ಆಲಸ್ಯವುಳ್ಳ ಯಾವನಿಗಾದರೂ ಉದ್ಯಾನಪಂಡಿತನೆಂಬ ಕೀರ್ತಿ ಅನಾಯಾಸವಾಗಿ ಲಭಿಸುವುದು. ದಿನವೂ ನೀರೆರೆಯುವ ಕರ್ತವ್ಯನಿಷ್ಠನಿಗೆ ಮಾತ್ರ ಬುಡ ಕೊಳೆತ ಕಳ್ಳಿಯೇ ಗತಿ.

ದೊಡ್ಡ ಮುಳ್ಳುಗಳೇನೋ ಸಜ್ಜನರು, ಎದುರಿಗೇ ಎಚ್ಚರಿಸುತ್ತವೆ; ಅವುಗಳ ಬುಡದಲ್ಲಿ ಕುಚ್ಚುಕುಚ್ಚಾಗಿ ಅಡಗಿರುವ ಸೂಕ್ಷ್ಮ ಕಂಟಕಗಳಾದರೋ, ಬರಿಗೈಗೆ ತಾಗಿದರೆ ಕಣ್ಣಿಗೆ ಕಾಣದೆ, ಚಿಮಟಕ್ಕೆ ಸಿಕ್ಕದೆ, ಊಟದೆಲೆಯ ಮುಂದೆ ಕುಳಿತಾಗಲೂ ತಮ್ಮ ಅಸ್ತಿತ್ವವನ್ನು ಜ್ಞಾಪಿಸುವ ಕಪಟಿಗಳು.

ಅಮೆರಿಕ ಮೂಲದ ಈ ಅತಿಥಿಯನ್ನು ಕೆಂಬಣ್ಣ ಕೊಡುವ ಕೀಟಕ್ಕೆ ಆಹಾರವೆಂದು ಈಸ್ಟ್ ಇಂಡಿಯಾ ಕಂಪನಿಯವರು ಆದರಿಸಿದರು. 1795ರಲ್ಲಿ ಬಂದ ಕೀಟವೋ ಬೇರೆಯೇ ಜಾತಿಯದಾಗಿ, ಒಳ್ಳೆಯ ಬಣ್ಣವನ್ನು ಕೊಡದೆ, ಒಂದು ಜಾತಿಯ ಕಳ್ಳಿಯನ್ನೇ ತಿಂದು ತೇಗಿತು. ಮತ್ತೊಂದು ಜಾತಿ ದಕ್ಷಿಣದ ಹೊಲಮಾಳಗಳನ್ನು ಆಕ್ರಮಿಸಲು, 1926ರಲ್ಲಿ ಸಿಂಹಳದಿಂದ ಇನ್ನೊಂದು ಕೀಟವನ್ನು ಬೇಕೆಂದೇ ಕರೆಸಬೇಕಾಯಿತು.

ಆದುದರಿಂದ, ವಾಚಕ ಮಹಾಶಯರೇ, ನೆಡುವುದಾದರೆ ಕುಂಡದಲ್ಲಿಯೇ ನೆಡಿರಿ. ಕತ್ತರಿಸಿದ ತುಂಡನ್ನು ಬೇಲಿಯಾಚೆ ಎಸೆಯದಿರಿ, ಅದು ಬಿದ್ದಲ್ಲಿಯೇ ಬೇರೂರುವುದು.