ಪಡೀಲಿನಲ್ಲಿ ಹಿಮಪಾತ

ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಪಡೀಲಿನಲ್ಲಿ ಯಾವ ಅಂಗಡಿಯ ಮುಂದೆ ಇಬ್ಬರು ಎದುರಾದರೂ ಮೊದಲ ಮಾತು "ಎಂತ ಸೆಕೆ ಮಾರಾಯ್ರೆ!" ಹಿಂದೆಲ್ಲ ಎರಡನೆಯ ಮಾತು "ಮಳೆ ಯಾವಾಗ ಬರ್ತದೋ" ಎಂದಿರುತ್ತಿತ್ತು. ಈಗ "ಎಸಿ ಹಾಕ್ಸಿದ್ರಾ?" ಎಂದಾಗಿದೆ. ಈ ಪ್ರಶ್ನೆಗೆ ಬಹಳ ಕಾಲ "ನಮಗೆಲ್ಲ ಎಂತಕ್ಕೆ, ಹಂಚಿನ ಮನೆಯಲ್ಲಿ ಹುಟ್ಟಿದವರು" ಎಂದು ದೊಡ್ಡಸ್ತಿಕೆ ಹೊಡೆದವನು ನಾನು. ಆ ಹಂಚಿನ ಮನೆಯನ್ನು ನಾನೇ ನಿಂತು ಕೆಡವಿಸಿ ತಾರಸಿ ಮನೆ ಕಟ್ಟಿಸಿದ ಸಂಗತಿಯನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ ಊರಿಗೆಲ್ಲ ಹಂಚು ಹೊದೆಸಿದರು. ಆ ಹಂಚಿನ ಸಂದುಗಳಲ್ಲಿ ಬಿಸಿಗಾಳಿ ತನ್ನಷ್ಟಕ್ಕೆ ಹೊರಗೆ ಹೋಗುತ್ತಿತ್ತು. ನನ್ನ ಸ್ಲಾಬಾದರೋ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಊಟವಾದ ಮೇಲೆ ಚೂರೂ ಉಳಿಸಿಕೊಳ್ಳದೆ ಹಿಂದಿರುಗಿಸುತ್ತದೆ. ಸಾಲ ತೀರಿಸುವುದರಲ್ಲಿ ಇಷ್ಟು ಪ್ರಾಮಾಣಿಕರನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ಅಂತೂ ಒಂದು ಬೇಸಿಗೆಯಲ್ಲಿ ಎಸಿ ಅಂಗಡಿಗೆ ಹೋದೆ. ಮಾರಾಟದ ಹುಡುಗ "ಎಷ್ಟು ಟನ್ ಸರ್?" ಎಂದ. ಅಷ್ಟು ಭಾರವನ್ನು ನಮ್ಮ ಗೋಡೆ ತಡೆದೀತೇ ಎಂದು ಕೇಳಿದೆ. ಹುಡುಗ ಒಳ್ಳೆಯವನು, ನಗಲಿಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಗೆ ಹಾಕುವ ಎಸಿಗೆ ಒಂದು ಟನ್ನಿನ ಎಸಿ ಎನ್ನುತ್ತಾರೆ ಎಂದು ವಿವರಿಸಿದ. ಮಂಜುಗಡ್ಡೆಯ ವ್ಯವಹಾರ ಮಂಗಳೂರಿನವರಿಗೆ ಹೊಸತೇ? ಬಂದರಿನ ಧಕ್ಕೆಯಲ್ಲಿ ಬಂಗುಡೆಯ ಮೇಲೆ ಸುರಿಯುವುದನ್ನು ನೋಡಿಯೇ ಬೆಳೆದವರು. ಮೀನಿಗೇ ಅಷ್ಟು ಬೇಕಾದರೆ ಮನುಷ್ಯನಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ, ಹತ್ತಡಿ ಹನ್ನೆರಡಡಿ ಕೋಣೆಗೆ "ಎರಡು ಟನ್ ಕೊಡಿ" ಎಂದೆ.

"ಇನ್ವರ್ಟರ್ ಎಸಿ ಕೊಡ್ಲಾ ಸರ್?"

"ಬೇಡ, ಮನೆಯಲ್ಲಿ ಇನ್ವರ್ಟರ್ ಉಂಟು."

ಈ ಸಲ ಹುಡುಗನಿಗೂ ತಡೆಯಲಾಗಲಿಲ್ಲ. ಇನ್ವರ್ಟರ್ ಎಸಿಗೂ ಮೆಟ್ಟಿಲ ಕೆಳಗಿನ ಬ್ಯಾಟರಿಗೂ ಸಂಬಂಧವಿಲ್ಲ, ಅದು ಕಂಪ್ರೆಸರಿನ ವೇಗವನ್ನು ಬೇಕಾದಷ್ಟೇ ಏರಿಸಿ ಇಳಿಸುವ ಏರ್ಪಾಟು ಎಂದು ಅವನು ಹೇಳುವಷ್ಟರಲ್ಲಿ, ಮೂಲೆಯಲ್ಲಿದ್ದ ಹಳೆ ಮಾದರಿಯ ರಿಯಾಯಿತಿ ಚೀಟಿ ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಮೇಲೆ ಇನ್ನೊಂದು ಆಕರ್ಷಣೆ: "ಹಾಟ್ ಅಂಡ್ ಕೋಲ್ಡ್". ಟೊರಾಂಟೊದಲ್ಲಿರುವ ಭಾವ ಫೋನ್ ಮಾಡಿದಾಗಲೆಲ್ಲ ಅವರ ಮನೆಯ ಹೀಟಿಂಗಿನ ಕಥೆ ಹೇಳಿ ನಮ್ಮನ್ನು ಸಣ್ಣವರನ್ನಾಗಿ ಮಾಡುತ್ತಿದ್ದರು. ನಮ್ಮಲ್ಲೂ ಹೀಟಿಂಗ್ ಇರಲಿ! ಮಂಗಳೂರಿನಲ್ಲಿ ಡಿಸೆಂಬರಿನ ಬೆಳಗ್ಗೆಯೂ ಪಾದರಸ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ ಎಂಬ ವಿಷಯ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಹುಡುಗನೂ ನೆನಪಿಸಲಿಲ್ಲ. ಅವನ ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

ಎಸಿ ಬಂತು, ಗೋಡೆಯೂ ತಡೆಯಿತು. ಗಾಳಿಕಿಂಡಿಗಳಿಗೆ ಹಳೆಯ ಯಕ್ಷಗಾನ ಬಯಲಾಟದ ಫ್ಲೆಕ್ಸ್ ತುರುಕಿ, ಮಂಗಳೂರು ಜಂಕ್ಷನ್ನಿನ ರೈಲುಗಳ ಕೂಗು ಕೂಡ ಒಳಗೆ ಬಾರದ ಹಾಗೆ ಕಿಟಕಿ ಭದ್ರಪಡಿಸಿ, ರಿಮೋಟಿನಲ್ಲಿ 16 ಒತ್ತಿದೆ. ಹತ್ತು ನಿಮಿಷದಲ್ಲಿ ಕೋಣೆ ಗಡಗಡ. ಎಸಿ ತನ್ನ ಕೆಲಸ ಮುಗಿಯಿತೆಂದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೊರಟಿತು, ಮತ್ತೆ ನಿಂತಿತು. ವಿಚಿತ್ರವೆಂದರೆ ಚಳಿಯೂ ಆಗುತ್ತಿತ್ತು, ಮೈಯೂ ಅಂಟುತ್ತಿತ್ತು. ಹೊದಿಕೆ ಹೊದ್ದರೆ ಬೆವರು, ತೆಗೆದರೆ ನಡುಕ. ಕೆಲವು ವಾರ ಹೋಗುವಷ್ಟರಲ್ಲಿ ಕಪಾಟಿನಲ್ಲಿದ್ದ ನನ್ನ ಮದುವೆಯ ಕೋಟಿಗೆ ಹಸಿರು ಬೂಷ್ಟು ಹಿಡಿಯಿತು.

ಕಾರಣ ತಿಳಿದದ್ದು ಗಲ್ಫಿನಲ್ಲಿ ಎಸಿ ಕೆಲಸ ಮಾಡಿ ಬಂದ ನೆರೆಯವರಿಂದ. ಅವರ ಪ್ರಕಾರ ಕರಾವಳಿಯಲ್ಲಿ ನಮ್ಮನ್ನು ಕೊಲ್ಲುವುದು ಬಿಸಿಗಿಂತ ಹೆಚ್ಚಾಗಿ ಗಾಳಿಯೊಳಗಿನ ನೀರು. ಎಸಿ ಹುಟ್ಟಿದ್ದೂ ಈ ನೀರಿನ ಕಾಟಕ್ಕೇ ಅಂತೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದರ ಎಂಜಿನಿಯರ್ ಅದನ್ನು ಸರಿಪಡಿಸಲು ಯಂತ್ರ ಮಾಡಿದ. ತಣ್ಣನೆಯ ಕಾಯಿಲಿನ ಮೇಲೆ ಗಾಳಿ ಬಹಳ ಹೊತ್ತು ಹರಿದರಷ್ಟೇ ತೇವ ನೀರಾಗಿ ಇಳಿಯುತ್ತದೆ. ಸಣ್ಣ ಕೋಣೆಗೆ ದೊಡ್ಡ ಎಸಿ ಹಾಕಿದರೆ ಅದು ಗಾಳಿಯನ್ನು ಬೇಗ ತಣಿಸಿ ಮಲಗಿಬಿಡುತ್ತದೆ, ನೀರು ಅಲ್ಲೇ ಉಳಿಯುತ್ತದೆ. "ನಿಮ್ಮ ಕೋಣೆಗೆ ಒಂದು ಟನ್ ಧಾರಾಳ" ಎಂದರು ಅವರು. ಮುಂಚೆ ನನ್ನನ್ನು ಕೇಳಬಾರದಿತ್ತೇ ಎಂದು ಬಾಯಿಬಿಟ್ಟು ಹೇಳದಷ್ಟು ಸಜ್ಜನರು.

ಎಸಿ ಹಿಂಡಿದ ಅಷ್ಟಿಷ್ಟು ನೀರು ಪೈಪಿನಲ್ಲಿ ಹಿತ್ತಿಲಿಗೆ ಇಳಿಯುತ್ತಿತ್ತು. ಅಮ್ಮ ಅದನ್ನು ಬಸಳೆ ಚಪ್ಪರಕ್ಕೆ ತಿರುಗಿಸಿದರು. ಹೊರಗಿನ ಪೆಟ್ಟಿಗೆ ಬುಸುಗುಟ್ಟಿ ಬಿಸಿಗಾಳಿ ಬಿಡುವುದನ್ನು ಕಂಡು ಹಲಸಿನ ಹಪ್ಪಳದ ಚಾಪೆಯನ್ನು ಅದರ ಮುಂದಕ್ಕೇ ಎಳೆದರು. ಕಾಗೆ ಹತ್ತಿರ ಸುಳಿಯುವುದಿಲ್ಲ, ಮೋಡವಾದರೂ ಚಿಂತೆಯಿಲ್ಲ, ಅಂಚು ಸುರುಟದೆ ಒಂದೇ ಸಮ ಒಣಗುತ್ತದೆ. "ಹೊರಗಿನದ್ದು ಒಳ್ಳೆದುಂಟು. ಒಳಗಿನದ್ದು ಎಂತಕ್ಕೆ ತಂದದ್ದು?" ಎಂದರು. ಹಪ್ಪಳದ ತುರ್ತು ಇದ್ದರೆ ಮಧ್ಯಾಹ್ನ ನನ್ನನ್ನು ಬಲವಂತವಾಗಿ ಮಲಗಲು ಕಳಿಸುತ್ತಿದ್ದರು.

ಇಷ್ಟರ ನಡುವೆ ಒಂದು ರಾತ್ರಿ ಎಸಿಯ ಹೊಟ್ಟೆಯೊಳಗೆ ಬೆಳ್ಳಗೆ ಏನೋ ಹೊಳೆಯಿತು. ಟಾರ್ಚ್ ಬಿಟ್ಟು ನೋಡಿದರೆ ಮಂಜುಗಡ್ಡೆ! ಕಾಯಿಲಿನ ತುಂಬ ಬೆರಳುದಪ್ಪದ ಹಿಮ. ಎರಡು ಟನ್ ಎಂದರೆ ಸುಮ್ಮನೆಯೇ? ಬೆಳಗ್ಗೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ. ಭಾವನಿಗೆ ವಿಡಿಯೊ ಕಳಿಸಿ "ಪಡೀಲಿನಲ್ಲಿ ಹಿಮಪಾತ" ಎಂದು ಅಡಿಬರಹ ಹಾಕಿದೆ. ಆಮೇಲೆ ವಿದ್ಯುತ್ ಹೋಯಿತು. ನನ್ನ ಹಿಮಾಲಯ ಕರಗಿ ಹಾಸಿಗೆ, ದಿಂಬು, ತೂಗುಹಾಕಿದ್ದ ಪಂಚಾಂಗ ಎಲ್ಲದರ ಮೇಲೂ ಧುಮುಕಿತು.

ಮೆಕ್ಯಾನಿಕ್ ಬಂದವರು ಮುಚ್ಚಳವನ್ನೂ ತೆಗೆಯದೆ "ಗ್ಯಾಸ್ ಹೋಗಿದೆ" ಎಂದರು. ತುಂಬಿಸಿದೆವು, ಹಣ ಕೊಟ್ಟೆವು, ವಾರದಲ್ಲಿ ಹಿಮ ಮತ್ತೆ ಬಿತ್ತು. ಈ ಸಲ ಗಲ್ಫಿನ ನೆರೆಯವರನ್ನೇ ಕರೆದೆ.

"ಫಿಲ್ಟರ್ ತೊಳೆದದ್ದು ಯಾವಾಗ?"

"ಅದರಲ್ಲಿ ಫಿಲ್ಟರ್ ಉಂಟಾ?"

ಅವರು ಮುಚ್ಚಳ ಎತ್ತಿ ಎರಡು ಜಾಳಿಗೆಗಳನ್ನು ಎಳೆದರು. ಜಾಳಿಗೆ ಎಂದು ಅವರು ಹೇಳಿದ್ದಕ್ಕೆ ನಂಬಬೇಕು. ನನಗೆ ಕಂಡದ್ದು ಕುರಿ ಕಂಬಳಿಯ ಹಾಗಿನ ಬೂದು ಧೂಳಿನ ಹಾಸು, ಅದರ ನಡುವೆ ಸತ್ತ ಒಂದು ಹಲ್ಲಿಮರಿ. ಪಂಪ್‌ವೆಲ್ ಕಡೆಯ ಲಾರಿಗಳೂ ನಂತೂರು ಕಡೆಯ ಲಾರಿಗಳೂ ಸೇರಿ ಬಿ.ಸಿ. ರೋಡಿನತ್ತ ಹೊರಡುವುದು ನಮ್ಮ ಪಡೀಲಿನಿಂದ. ಸಾಲದ್ದಕ್ಕೆ 2025ರಲ್ಲಿ ಜಿಲ್ಲಾಧಿಕಾರಿ ಕಚೇರಿಯ ಪ್ರಜಾಸೌಧವೂ ಇಲ್ಲಿಗೆ ಬಂತು. ಊರಿನ ಘನತೆ ಹೆಚ್ಚಿತು, ಜೊತೆಗೆ ವಾಹನವೂ. ಅಷ್ಟರ ಧೂಳೂ ನನ್ನ ಫಿಲ್ಟರಿನಲ್ಲಿತ್ತು. ಕಾಯಿಲಿಗೆ ಗಾಳಿ ಸಿಗದಿದ್ದರೆ ಅದರ ಮೇಲಿಳಿದ ನೀರು ಅಲ್ಲೇ ಹೆಪ್ಪುಗಟ್ಟುತ್ತದಂತೆ. ಗ್ಯಾಸು ಸ್ಕೂಟರಿನ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವೇ ಅಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಯಿತೆಂದರೆ ಎಲ್ಲೋ ತೂತಾಗಿದೆ ಎಂದರ್ಥ, ಆ ತೂತನ್ನು ಮುಚ್ಚದೆ ತುಂಬಿಸಿ ಪ್ರಯೋಜನವಿಲ್ಲ. ನಮ್ಮಲ್ಲಿ ತೂತಾಗಿದ್ದು ಜೇಬು ಮಾತ್ರ.

ಜೇಬಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮ್ಮ ಮೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ಇರುತ್ತಿತ್ತು. ಅಮ್ಮ ಆ ಬಿಲ್ಲುಗಳನ್ನು ದೇವರ ಪಟದ ಹಿಂದೆ ಇಡುತ್ತಿದ್ದರು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಎರಡು ಟನ್ನಿನ ಎಸಿ ಪೂರ್ತಿ ಓಡಿದರೆ ಗಂಟೆಗೆ ಹತ್ತಿರ ಹತ್ತಿರ ಎರಡು ಯೂನಿಟ್. ಮುಂದಿನ ಲೆಕ್ಕ ನೀವೇ ಹಾಕಿ, ನನಗೆ ಕೈ ನಡುಗುತ್ತದೆ.

ಮಳೆಗಾಲ ಹಿಡಿದ ಮೇಲೆ ಎಸಿಯನ್ನು ಮಾರಿಬಿಡೋಣ ಎಂದು ನಿರ್ಧಾರವಾಯಿತು. ಆಗ ಮಗಳು ರಿಮೋಟಿನಲ್ಲಿ ಸೂರ್ಯನ ಚಿತ್ರದ ಗುಂಡಿ ಒತ್ತಿದಳು. ಒಳಗಿನ ವಾಲ್ವ್ ಟಕ್ ಎಂದು ತಿರುಗಿ ಒಳಗಿನದು ಹೊರಗಾಯಿತು, ಹೊರಗಿನದು ಒಳಗಾಯಿತು. ಕೋಣೆಗೆ ಬೆಚ್ಚನೆಯ ಗಾಳಿ. ಆಷಾಢದಲ್ಲಿ ಶಾಲೆಯ ಯೂನಿಫಾರ್ಮ್ ಒಣಗಿಸುವ ಕಷ್ಟ ಕರಾವಳಿಯ ತಾಯಂದಿರಿಗೇ ಗೊತ್ತು. ಮೊದಲೆಲ್ಲ ಬಚ್ಚಲಿನ ಹಂಡೆಯ ಮೇಲೆ ಹಗ್ಗ ಕಟ್ಟಿ ಹೊಗೆವಾಸನೆಯ ಅಂಗಿ ಹಾಕಿಕೊಳ್ಳುತ್ತಿದ್ದೆವು. ಈಗ ಜುಲೈ ತಿಂಗಳಲ್ಲಿ ನನ್ನ ಮಲಗುವ ಕೋಣೆಯ ತುಂಬ ಹಗ್ಗ, ಹಗ್ಗದ ತುಂಬ ಬಟ್ಟೆ, ನಾನು ಚಾವಡಿಯಲ್ಲಿ ಫ್ಯಾನಿನ ಕೆಳಗೆ. ಮಾರುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಈ ವರ್ಷ ಎಸಿ ಕೊಳ್ಳುವವರಿದ್ದರೆ ಕೋಣೆಯ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಇರುವವರು ಎರಡು ವಾರಕ್ಕೊಮ್ಮೆ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿಯಿರಿ. ಸರ್ವಿಸ್ ಮಾಡಿಸುವುದಿದ್ದರೆ ಫೆಬ್ರವರಿಯಲ್ಲೇ ಹೇಳಿಡಿ. ಕಟೀಲು ಯಕ್ಷಗಾನ ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾದರೂ ಒಂದು ದಿನಾಂಕವಾದರೂ ಸಿಗುತ್ತದೆ. ಏಪ್ರಿಲಿನಲ್ಲಿ ಎಸಿ ಮೆಕ್ಯಾನಿಕ್ ಫೋನೇ ಎತ್ತುವುದಿಲ್ಲ.